ಆತು ಎಂಬ ಮಾತು

ನನ್ನ ಮಗಳು ಚಂದನಾಳಿಗೆ ಎರಡು ನೆರಳುಗಳಿದ್ದವು. ಒಂದು ನಮಗೆಲ್ಲ ಇರುವಂಥದ್ದು, ಬಿಸಿಲಿಗೆ ಹೋದರೆ ಜೊತೆಗೆ ಬರುವುದು. ಇನ್ನೊಂದು ನಮ್ಮ ದಾವಣಗೆರೆಯ ಆಸ್ಪತ್ರೆಯೊಂದರ ಮೇಲಂತಸ್ತಿನಲ್ಲಿ, ಕಂಪ್ಯೂಟರಿನೊಳಗೆ ಬದುಕುತ್ತಿತ್ತು. ಇವಳು ಉಂಡರೆ ಅದೂ ಉಣ್ಣುತ್ತಿತ್ತು, ಇವಳು ಮಲಗಿದರೆ ಅದೂ ಮಲಗುತ್ತಿತ್ತು. ಇವಳ ರಕ್ತದಲ್ಲಿ ಸಕ್ಕರೆ ಏರಿದರೆ ಅದರ ಮೈ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು, ಇಳಿದರೆ ನೀಲಿಗೆ. ಸಕ್ಕರೆ ಕಾಯಿಲೆ ಜೋರಾಗಿದ್ದವರಿಗೆಲ್ಲ ಹೀಗೊಂದು ನೆರಳುದೇಹ ಮಾಡಿಕೊಡುವ ಕಾಲ ಅದು. ಯಾವ ಔಷಧಿಯನ್ನೇ ಆಗಲಿ ಮೊದಲು ನೆರಳಿಗೆ ಕೊಟ್ಟು ನೋಡುತ್ತಿದ್ದರು. ನೆರಳು ತಡೆದುಕೊಂಡರೆ ಮಾತ್ರ ಮನುಷ್ಯರಿಗೆ.

ನೆರಳಿಗೂ ಚಂದನಾಳಿಗೂ ನಡುವೆ ಇದ್ದದ್ದು ತೋಳಿನ ಮೇಲಿನ ಒಂದು ಬಿಲ್ಲೆ. ಅಂಗಿಯ ದೊಡ್ಡ ಗುಂಡಿಯಷ್ಟು ಅಗಲ, ಅದಕ್ಕಿಂತ ಸ್ವಲ್ಪ ದಪ್ಪ. ಕೂದಲೆಳೆಯಂಥ ಸೂಜಿಯಿಂದ ಅದು ಸಕ್ಕರೆ ಅಳೆದು ನೆರಳಿಗೆ ತಿಳಿಸುತ್ತಿತ್ತು. ನೆರಳು ಎಷ್ಟು ಅಂದರೆ ಅಷ್ಟು ಇನ್ಸುಲಿನ್ನನ್ನು ಬಿಲ್ಲೆ ಸದ್ದಿಲ್ಲದೆ ಒಳಗೆ ಬಿಡುತ್ತಿತ್ತು. ಊಟವಾದ ಮೇಲೆ ಗುಂಡಿ ಒತ್ತಿ ಹೇಳಬೇಕು ಅಂದರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಬಿಲ್ಲೆಗೆ ಕಿವಿಯನ್ನೂ ಕೊಟ್ಟಿದ್ದರು. ಅದು ಇವಳ ದನಿಯೊಂದನ್ನೇ ಗುರುತು ಹಿಡಿಯುವ, ತಾನಾಗಿಯೇ ಕಲಿಯುವ ಕಿವಿ. "ಊಟ ಆತು" ಎಂದು ಇವಳು ಅಂದರೆ ಸಾಕು, ನೆರಳು ಎಚ್ಚರಾಗುತ್ತಿತ್ತು. ಆ ಮಾತಿನ ಬೆನ್ನಿಗೇ ಸಕ್ಕರೆ ಏರತೊಡಗಿದರೆ ಊಟದ ಔಷಧಿ ಕೊಡುತ್ತಿತ್ತು. ಏರದಿದ್ದರೆ ಸುಮ್ಮನಿರುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು, ಒಂದು ದಿನವೂ ತಪ್ಪಿರಲಿಲ್ಲ.

ಚಂದನಾ ಸಿಟಿ ಬಸ್ಸಿನ ಡ್ರೈವರು. ಹಳೇ ಊರಿನ ಸಂದಿಗಳಲ್ಲಿ ಅಷ್ಟುದ್ದದ ಬಸ್ಸನ್ನು ಅವಳು ಹಿಂದಕ್ಕೆ ತಿರುಗಿಸುವುದನ್ನು ಜನ ನಿಂತು ನೋಡುತ್ತಿದ್ದರು. ಆದರೆ ಇನ್ಸುಲಿನ್ ಶುರುವಾದ ಮೇಲೆ ಸ್ಟೀರಿಂಗ್ ಕೈತಪ್ಪಿತು. ಸಕ್ಕರೆ ಕೆಳಗಿಳಿದು ಕಣ್ಣಿಗೆ ಕತ್ತಲೆ ಕವಿದರೆ ಬಸ್ಸಿನಲ್ಲಿರುವವರ ಗತಿ ಏನು ಎಂದು ಅವಳನ್ನು ಡಿಪೋದ ಕುರ್ಚಿಯಲ್ಲಿ ಕೂರಿಸಿದರು. ನಿಯಮ ಸರಿಯೇ ಇತ್ತು. ಆದರೆ ಕೂತಲ್ಲೇ ಕೂತು ತೂಕ ಏರಿತು, ತೂಕ ಏರಿದಂತೆ ಇನ್ಸುಲಿನ್ ಏರಿತು, ಅದು ಏರಿದಂತೆ ಹಸಿವೆಯೂ ಏರಿತು. ಅವಳ ಅಪ್ಪನೂ ಇದೇ ಕಾಯಿಲೆಯಲ್ಲಿ ಕಾಲಿನ ಗಾಯ ಮಾಯದೆ ಹೋದವರು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವಳು ಸಾಕ್ಸ್ ಬಿಚ್ಚಿದಾಗಲೆಲ್ಲ ನಾನು ಕಸ ಗುಡಿಸುವ ನೆಪದಲ್ಲಿ ಬಗ್ಗಿ ಅವಳ ಪಾದ ನೋಡುತ್ತಿದ್ದೆ.

ಹೊಟ್ಟೆಯ ಆಪರೇಷನ್ ಮಾಡಿಸೋಣ ಎಂದವರು ಡಾಕ್ಟರ್ ಶಬಾನಾ. ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲವಾಗಿ ಬೇರೆ ಮಾಡಿ, ಕರುಳನ್ನು ಕೆಳಗಿನಿಂದ ಎಳೆದು ತಂದು ಅದಕ್ಕೆ ಹೊಲಿಯುವುದು ಎಂದು ಕಾಗದದ ಮೇಲೆ ಬರೆದು ತೋರಿಸಿದರು. ನಾನು ಕಾಗದದಿಂದ ಮುಖ ತಿರುಗಿಸಿದೆ. ಚಂದನಾ ಮಾತ್ರ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ನಕ್ಕಳು.

"ನಮ್ಮೂರ ಬೈಪಾಸ್ ಇದ್ದಂಗೈತಲ್ಲ ಮೇಡಂ. ಊರೊಳಗಿನ ಸ್ಟಾಪ್ ಎಲ್ಲಾ ಬಿಟ್ಟು ಸೀದಾ ಹರಿಹರದ ಕಡೆ."

"ಹಂಗೇ ಅನ್ನಿ. ಊಟ ಬೇಗ ಕೆಳಗಿನ ಕರುಳು ಮುಟ್ಟಿದ್ರೆ ಅಲ್ಲಿ ಒಂದು ರಸ ಹುಟ್ಟುತ್ತೆ. ಅದು ನಿಮ್ಮ ಮೈಯಲ್ಲೇ ಮಲಗಿರೋ ಇನ್ಸುಲಿನ್ನ ಎಬ್ಬಿಸುತ್ತೆ. ತೂಕ ಇಳಿಯೋಕೆ ಮುಂಚೇನೇ ಸಕ್ಕರೆ ಇಳಿಯೋಕೆ ಶುರುವಾಗುತ್ತೆ. ಒಳ್ಳೇದೂ ಅದೇ, ಭಯಾನೂ ಅದೇ."

"ಭಯ ಯಾಕ್ರೀ?" ಎಂದೆ ನಾನು.

"ಮೈ ಹೊಸದಾಗುತ್ತೆ, ಔಷಧಿ ಹಳೇದೇ ಇರುತ್ತೆ. ನಿನ್ನೆ ಕಾಪಾಡಿದ ಔಷಧಿನೇ ನಾಳೆ ಕೆಡವಬಹುದು. ಹಂಗಾಗಿ ಆಪರೇಷನ್ ಎಷ್ಟು ಮುಖ್ಯನೋ, ಯಾವ ಔಷಧಿ ಯಾವಾಗ ಬಿಡಬೇಕು ಅನ್ನೋದೂ ಅಷ್ಟೇ ಮುಖ್ಯ ಹಾಲಮ್ಮಾರೆ."

ಎಲ್ಲಾ ಸರಿಹೋಗಿ, ಇನ್ಸುಲಿನ್ ಪೂರ್ತಿ ನಿಂತು, ಸಕ್ಕರೆ ಒಮ್ಮೆಯೂ ಕೆಳಗೆ ಬೀಳದೆ ಕೆಲ ಕಾಲ ಕಳೆದರೆ ಮತ್ತೆ ಬಸ್ ಓಡಿಸಲು ಯೋಗ್ಯಳೆಂದು ಬರೆದುಕೊಡುವುದಾಗಿಯೂ ಹೇಳಿದರು. ಚಂದನಾ ಅದೊಂದೇ ಮಾತನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದಳು.

ಆಪರೇಷನ್ನಿಗೆ ಮುಂಚೆ ಅವಳ ಊಟ ಬರೀ ತೆಳುವಾಯಿತು. ಮಜ್ಜಿಗೆ, ಬೇಳೆಕಟ್ಟು, ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿದ ಹಾಲು. ಕೊಬ್ಬು ತುಂಬಿ ಉಬ್ಬಿದ ಪಿತ್ತಜನಕಾಂಗ ಸ್ವಲ್ಪ ಕುಗ್ಗಿದರೆ ಹೊಟ್ಟೆಗೆ ದಾರಿ ಸಲೀಸು ಎಂದರು. ಊಟ ಇಳಿದಂತೆ ಇನ್ಸುಲಿನ್ನನ್ನೂ ಇಳಿಸುತ್ತ ಬಂದರು. ಇದು ನನಗೆ ಅರ್ಥವಾಯಿತು. ಆದರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಒಂದು ಮಾತ್ರೆಯಿತ್ತು, ಅದನ್ನು ಆಪರೇಷನ್ನಿಗೆ ಕೆಲವು ದಿನ ಮೊದಲೇ ನಿಲ್ಲಿಸಿ ಎಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಔಷಧಿ ತಪ್ಪಿಸಬಾರದು, ತಪ್ಪಿಸಬಾರದು ಎಂದು ಗಂಡನಿಗೂ ಮಗಳಿಗೂ ನೀರಿನ ಲೋಟದೊಂದಿಗೆ ಹಿಂದೆ ಬಿದ್ದವಳು ನಾನು.

ಪಕ್ಕದ ಮನೆಯ ಕೊಟ್ರಕ್ಕ ಬೇರೆ ಬೆಂಕಿಗೆ ತುಪ್ಪ ಸುರಿದಳು. "ಆಪರೇಷನ್ ಹೊತ್ನಾಗೆ ಮಾತ್ರೆ ಬಿಡ್ಸೋದುಂಟೇನೆ ಹಾಲಮ್ಮ? ಡಾಕ್ಟ್ರು ಮರ್ತಿರ್ಬೇಕು, ನೀನು ಒಂದು ಕೊಟ್ಬಿಡು."

ನಾನು ಕೊಡಲಿಲ್ಲ. ಹಾಗೆಂದು ಸುಮ್ಮನೆ ಬಿಡುವ ಧೈರ್ಯವೂ ಆಗದೆ ಆಸ್ಪತ್ರೆಗೇ ಹೋದೆ. ಶಬಾನಾ ಮೇಡಂ ಬೈಯಲಿಲ್ಲ. ಮೇಲಂತಸ್ತಿಗೆ ಕರೆದುಕೊಂಡು ಹೋದರು.

ನೆರಳುಗಳ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮನುಷ್ಯರ ಆಕಾರಗಳು. ಕೆಲವು ಮಲಗಿದ್ದವು, ಕೆಲವು ನಡೆಯುತ್ತಿದ್ದವು, ಒಂದು ಏನನ್ನೋ ಮೆಲ್ಲುತ್ತಿತ್ತು. ಅಲ್ಲಿ ಕೂತಿದ್ದ ಹುಡುಗಿ ಎದ್ದು ನನಗೆ ತನ್ನ ಕುರ್ಚಿ ಕೊಟ್ಟಳು. ಅನ್ವಿತಾ ಅಂತ, ಪುತ್ತೂರಿನವಳು, ನಮ್ಮ ಚಂದನಾಳ ನೆರಳನ್ನು ನೋಡಿಕೊಳ್ಳುವವಳು ಅವಳೇ.

"ಕೂತ್ಕೊಳ್ಳಿ ಅಮ್ಮ, ಹೆದರಬೇಡಿ. ನಾನು ತೋರಿಸ್ತೇನೆ, ಆಯ್ತಾ?"

ಅವಳು ನೆರಳಿನ ಒಂದು ಪ್ರತಿ ಮಾಡಿಕೊಂಡು ಅದನ್ನು ಉಪವಾಸ ಕೆಡವಿದಳು. ಆಮೇಲೆ ಆ ಮಾತ್ರೆ ಕೊಟ್ಟಳು. ಸಕ್ಕರೆಯ ಅಂಕಿ ನೆಟ್ಟಗೇ ಇತ್ತು. ಆದರೆ ನೋಡನೋಡುತ್ತ ನೆರಳಿನ ಉಸಿರು ಜೋರಾಯಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು.

"ಹೊಟ್ಟೆ ಖಾಲಿ ಇರುವಾಗ ಈ ಮಾತ್ರೆ ರಕ್ತವನ್ನು ಹುಳಿ ಮಾಡ್ತದೆ ಅಮ್ಮ. ಸಕ್ಕರೆ ಸರಿಯೇ ಉಂಟಲ್ಲ ಅಂತ ನಾವು ಮೋಸ ಹೋಗ್ತೇವೆ."

ಪರದೆಯ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದದ್ದು ನನ್ನ ಮಗಳ ಆಕಾರ. ಅವಳ ಎಡ ಹೆಗಲು ಸ್ವಲ್ಪ ತಗ್ಗು, ಅದೂ ಹಾಗೇ ಇತ್ತು. "ಸಾಕು ಸಾಕು, ಎಬ್ಬಿಸವ್ವ" ಎಂದೆ. ಅನ್ವಿತಾ ಏನೋ ಒತ್ತಿದಳು, ನೆರಳು ಎದ್ದು ಕೂತಿತು. ಮನೆಗೆ ಬಂದವಳೇ ಆ ಮಾತ್ರೆಯನ್ನು ಕೈಗೆಟುಕದ ಅಟ್ಟದ ಡಬ್ಬಿಗೆ ಹಾಕಿದೆ.

ಆಪರೇಷನ್ ಹೂವೆತ್ತಿದಂತೆ ಆಯಿತು. ಕೆಳಗೆ ಥಿಯೇಟರಿನಲ್ಲಿ ಚಂದನಾಳ ಹೊಟ್ಟೆ ಹೊಲಿಯುವಾಗ ಮೇಲೆ ಅನ್ವಿತಾ ಅದೇ ಅಳತೆಯಲ್ಲಿ ನೆರಳಿನ ಹೊಟ್ಟೆಯನ್ನೂ ತಿದ್ದಿದಳಂತೆ. ಇಬ್ಬರೂ ಒಟ್ಟಿಗೆ ಹೊಸಬರಾದರು ಅಂದುಕೊಂಡೆವು. ಆಸ್ಪತ್ರೆಯಲ್ಲಿದ್ದಷ್ಟು ದಿನ ಎಲ್ಲ ನೆಟ್ಟಗಿತ್ತು. ಅಲ್ಲಿ ಮಾತೇ ಕಡಿಮೆ. ನರ್ಸ್ ಬಂದರೆ ಬಿಲ್ಲೆ ನೋಡಿ ಹೋಗುವಳು. ಸಕ್ಕರೆ ತಾನಾಗಿ ಇಳಿಯುತ್ತ ಬಂತು, ಇನ್ಸುಲಿನ್ ಬೆಳಗಿನ ಮಂಜಿನಂತೆ ಕರಗುತ್ತ ಬಂತು. ದಿನವಿಡೀ ಹರಿಯುವ ಇನ್ಸುಲಿನ್ ಸಾಕು ಎಂದು ಮೇಡಂ ಅದನ್ನು ನಿಲ್ಲಿಸಿಯೇ ಮನೆಗೆ ಕಳಿಸಿದರು. ಊಟದ ಹೊತ್ತಿಗೆ ಅಗತ್ಯ ಬಿದ್ದರೆ ಚೂರು ಕೊಡುವುದನ್ನು ಮಾತ್ರ ನೆರಳಿಗೆ ಬಿಟ್ಟರು.

ಕೆಟ್ಟದ್ದು ಶುರುವಾದದ್ದು ಮನೆಗೆ ಬಂದ ಮೇಲೆ.

ನೋಡಲು ಬಂದವರು ಒಬ್ಬರಾ ಇಬ್ಬರಾ. ಡಿಪೋದವರು, ಓಣಿಯವರು, ಅವಳ ಬಸ್ಸಿಗೆ ದಿನಾ ಹತ್ತುತ್ತಿದ್ದ ಹೂವಿನವರು. ಬಂದವರು ಚಪ್ಪಲಿ ಬಿಡುತ್ತಲೇ "ಊಟ ಆತಾ ಚಂದನಾ?" ಅನ್ನುವರು. ಇವಳು ದಿಂಬಿಗೆ ಒರಗಿದಲ್ಲಿಂದಲೇ "ಆತ್ರಿ" ಅನ್ನುವಳು. ಅವಳ ಊಟವೋ, ಗುಟುಕು ಗುಟುಕಾಗಿ ಅರ್ಧ ಲೋಟ ಬೇಳೆಕಟ್ಟು. ಆದರೂ ಬಾಯಿಗೆ ಬರುವುದು ಅದೇ ಮಾತು. ನಮ್ಮಲ್ಲಿ "ಊಟ ಆತಾ" ಅನ್ನುವುದು ಪ್ರಶ್ನೆಯಲ್ಲ, ಕೈಮುಗಿದ ಹಾಗೆ. "ಆತು" ಅನ್ನುವುದು ತಿರುಗಿ ಕೈಮುಗಿದ ಹಾಗೆ.

ಒಂದು ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಚುತ್ತಿದ್ದಾಗ, ಸಕ್ಕರೆ ಬಿತ್ತೆಂದು ಬಿಲ್ಲೆ ಚೀರಿತು. ನೋಡಿದರೆ ಚಂದನಾಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ತುಟಿ ಬಿಳಿಚಿಕೊಂಡಿತ್ತು. "ಅವ್ವಾ, ನೀನು ಇಬ್ಬಿಬ್ಬರು ಕಾಣ್ತೀಯ" ಅಂದಳು. ಮೇಡಂ ಹೇಳಿಕೊಟ್ಟಿದ್ದ ಹಾಗೆ ಗ್ಲೂಕೋಸ್ ನೀರನ್ನು ಚಮಚದಲ್ಲಿ ಕುಡಿಸಿದೆ. ಹೊಸ ದಾರಿಯಲ್ಲವೇ, ಗ್ಲೂಕೋಸ್ ಬೇಗ ಮೈಗೆ ಹತ್ತಿತು, ಸಕ್ಕರೆ ಸರ್ರನೆ ಮೇಲೆದ್ದಿತು. ಅಷ್ಟರಲ್ಲಿ ಅನ್ವಿತಾಳ ಫೋನು.

"ಈಗ ಹೇಗುಂಟು? ನೀರು ಸ್ವಲ್ಪ ಸ್ವಲ್ಪವೇ ಕುಡೀಬೇಕು, ಆಯ್ತಾ?"

"ಆತು ಮೇಡಂ."

"ಮಲಗಿಕೊಳ್ಳಿ, ಏಳಬೇಡಿ, ಆಯ್ತಾ?"

"ಆತ್ರಿ."

ಸ್ವಲ್ಪ ಹೊತ್ತಿಗೆ ಬಿಲ್ಲೆ ಮತ್ತೆ ಚೀರಿತು. ಮತ್ತೆ ಬೆವರು, ಮತ್ತೆ ಗ್ಲೂಕೋಸ್, ಮತ್ತೆ ಫೋನು. ಮರುದಿನವೂ ಹಾಗೇ. ಮೇಡಂ ಊಟದ ಔಷಧಿಯ ಅಳತೆಯನ್ನು ಇಳಿಸಿದರು, ಇನ್ನೂ ಇಳಿಸಿದರು. ಆದರೂ ಬೀಳುವುದು ನಿಲ್ಲಲಿಲ್ಲ. ಬಾವಿಗೆ ಬಿದ್ದವರನ್ನು ಎತ್ತಿದಷ್ಟು ಸಲವೂ ಯಾರೋ ಹಿಂದಿನಿಂದ ಮತ್ತೆ ತಳ್ಳಿದ ಹಾಗಿತ್ತು.

ಆಮೇಲೆ ಮೇಡಂ ನನ್ನನ್ನು ಒಬ್ಬಳನ್ನೇ ಆಸ್ಪತ್ರೆಗೆ ಕರೆಸಿದರು. ದನಿ ಮೆತ್ತಗಿತ್ತು, ಮುಖ ಗಟ್ಟಿಯಾಗಿತ್ತು.

"ಹಾಲಮ್ಮಾರೆ, ನಿಜ ಹೇಳಿ, ನಾನು ಸಿಟ್ಟಾಗಲ್ಲ. ಅವಳಿಗೆ ರೊಟ್ಟಿ ಕೊಡ್ತಿದೀರಾ?"

"ರೊಟ್ಟಿ? ಆ ಹೊಟ್ಟೆಗೆ? ಮನೇಲಿ ರೊಟ್ಟಿ ಬಡಿದು ಎಷ್ಟು ದಿನ ಆತು ಮೇಡಂ. ಅವಳಿಗೆ ವಾಸನೆ ಬರಬಾರದು ಅಂತ ನಾನೂ ಗಂಜಿ ಕುಡೀತಿದೀನಿ."

"ನೆರಳು ಬೇರೆ ಹೇಳ್ತಿದೆಯಲ್ಲ. ದಿನಕ್ಕೆ ಐದಾರು ಸಲ ತುಂಬು ಊಟ ಅಂತ ತೋರಿಸ್ತಿದೆ. ಹೊಲಿಗೆ ಹಸಿ ಇದೆ, ಹಂಗೆ ತಿಂದ್ರೆ ಒಡೆಯುತ್ತೆ. ನಿಮಗೆ ಗೊತ್ತಿಲ್ಲದೆ ಅವಳೇ ತಿಂತಿರಬಹುದಾ?"

ಅನ್ವಿತಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅವಳ ಮುಖದಲ್ಲೂ ಗೊಂದಲವಿತ್ತು. "ಅದೇ ನನಗೂ ತಲೆಗೆ ಹೋಗ್ತಾ ಇಲ್ಲ ಮೇಡಂ. ಇವರ ಮಗಳು ಇಳೀತಾ ಇದ್ದಾರೆ, ತೂಕದ ಮೆಷಿನ್ ಹೇಳ್ತದೆ. ನೆರಳು ಮಾತ್ರ ಊದಿಕೊಳ್ತಾ ಉಂಟು."

ನಿಜ. ಪರದೆಯ ಮೇಲಿನ ಚಂದನಾ ಆಪರೇಷನ್ನಿಗೆ ಮುಂಚಿಗಿಂತ ದುಂಡಗಾಗಿದ್ದಳು. ನನ್ನ ಕಣ್ಣೆದುರೇ ಏನನ್ನೋ ಅಗಿಯುತ್ತಿದ್ದಳು.

"ಇದು ಹೀಗೇ ಆದ್ರೆ ಮತ್ತೆ ಅಡ್ಮಿಟ್ ಮಾಡ್ಕೋಬೇಕಾಗುತ್ತೆ" ಎಂದರು ಮೇಡಂ. "ಇನ್ನು ಬಸ್ಸಿನ ವಿಷಯ... ಇಷ್ಟು ಸಲ ಬಿದ್ದೋಳಿಗೆ ನಾನು ಹೆಂಗೆ ಬರೆದುಕೊಡ್ಲಿ, ನೀವೇ ಹೇಳಿ."

ಮನೆಗೆ ಬಂದು ಚಂದನಾಳ ಹತ್ತಿರ ಕೂತೆ. ಕೇಳಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ ಅವಳೇ ಮುಖ ನೋಡಿ ಹಿಡಿದುಬಿಟ್ಟಳು.

"ನಾನು ಕದ್ದು ತಿಂತೀನಿ ಅಂದ್ರಾ?"

"ಹಂಗಲ್ಲವ್ವ..."

"ನನಗೆ ಆ ಸ್ಟೀರಿಂಗ್ ಬೇಕು ಅವ್ವ. ರೊಟ್ಟಿಗೋಸ್ಕರ ಅದನ್ನ ಬಿಡ್ತೀನಾ?" ಎಂದು ಗೋಡೆ ಕಡೆ ತಿರುಗಿದಳು. ಅವಳ ಬೆನ್ನು ಸವರುತ್ತ ಕೂತೆ. ಅವಳು ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ನೆರಳು ಸುಳ್ಳು ಹೇಳುವುದಿಲ್ಲ ಎಂಬುದು ಆಸ್ಪತ್ರೆಯವರಿಗೆ ಗೊತ್ತಿತ್ತು. ಇಬ್ಬರಲ್ಲಿ ಯಾರೋ ಒಬ್ಬರು ಉಣ್ಣುತ್ತಿದ್ದದ್ದಂತೂ ನಿಜ.

"ನಾನೇ ಕಣ್ಣಾರೆ ನೋಡ್ತೇನೆ" ಎಂದು ಮಾರನೆಯ ದಿನ ಮಧ್ಯಾಹ್ನ ಅನ್ವಿತಾ ವಿಡಿಯೋದಲ್ಲಿ ಬಂದಳು. ಫೋನನ್ನು ಸಾಂಬಾರ ಪುಡಿಯ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅವಳ ಒಂದು ಕಣ್ಣು ನಮ್ಮ ಮನೆಯ ಮೇಲೆ, ಇನ್ನೊಂದು ನೆರಳಿನ ಪರದೆಯ ಮೇಲೆ. ಕೊಟ್ರಕ್ಕ ಬಾಗಿಲ ಹತ್ತಿರ ಕೂತು ನಮಗಾಗಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಚಂದನಾ ಬೇಳೆಕಟ್ಟನ್ನು ಚಮಚದಲ್ಲಿ ಚೂರು ಚೂರೇ ಕುಡಿದಳು. ಯಾರೂ ಮಾತಾಡಲಿಲ್ಲ. ಪರೀಕ್ಷೆ ಕೋಣೆಯ ಹಾಗೆ.

"ಸಕ್ಕರೆ ಏರ್ತಾ ಉಂಟು. ಹೊಸ ಹೊಟ್ಟೆಗೆ ಇದು ಸರಿಯೇ, ತಾನಾಗಿ ಇಳೀತದೆ. ನೆರಳು ಸುಮ್ಮನೇ ಉಂಟು" ಎಂದಳು ಅನ್ವಿತಾ.

ಆಗ ಕೊಟ್ರಕ್ಕ ಸೆರಗು ಕೊಡವಿ ಎದ್ದಳು. "ಸೊಪ್ಪು ಬಿಡ್ಸಿಟ್ಟೀನಿ. ನಾನು ಬರ್ಲೇನೆ ಚಂದನಾ?"

"ಆತಕ್ಕ, ಆತು" ಎಂದಳು ಚಂದನಾ.

"ಅಯ್ಯಯ್ಯೋ!" ಫೋನಿನೊಳಗಿಂದ ಕಿರುಚಿದಂತಾಯಿತು. "ನಿಲ್ಲಿ, ಯಾರೂ ಅಲ್ಲಾಡಬೇಡಿ! ನೆರಳು ಉಣ್ತಾ ಉಂಟು! ಔಷಧಿ ಹೊರಟಿತ್ತು, ನಾನು ತಡೆದೆ. ಈಗ ಎಂತ ಮಾಡಿದಿರಿ ನೀವು?"

ಕೊಟ್ರಕ್ಕ ಎತ್ತಿದ ಕಾಲು ಎತ್ತಿದಂತೆಯೇ ನಿಂತಳು. "ನಾನೇನು ಮಾಡ್ದೆ ತಾಯಿ, ಸೊಪ್ಪು ಬಿಡ್ಸಿದೆ."

"ಯಾರೂ ಏನೂ ಮಾಡಿಲ್ಲವ್ವ" ಎಂದೆ. "ಇವಳು ಬರ್ತೀನಿ ಅಂದಳು, ಅವಳು ಆತು ಅಂದಳು. ಅಷ್ಟೇ."

ಅನ್ವಿತಾ ಪರದೆಯನ್ನು ಇನ್ನೊಮ್ಮೆ ನೋಡಿದಳು. "ಆತು ಅಂದ್ರೆ ಊಟ ಆಯ್ತು ಅಂತ ಅಲ್ವಾ? ನೆರಳು ಹಾಗೇ ಕಲಿತದ್ದು. ಮೊದಲು ‘ಊಟ ಆತು’ ಅಂತಿತ್ತು, ಆಮೇಲೆ ಅದೇ ಚಿಕ್ಕದು ಮಾಡಿಕೊಂಡು ‘ಆತು’ ಅಂತ ಇಟ್ಟುಕೊಂಡಿದೆ. ನಾನೂ ಹಾಗೇ ತಿಳ್ಕೊಂಡಿದ್ದೆ."

"ಯಾವೂರ ಹುಡುಗಿ ಇದು?" ಕೊಟ್ರಕ್ಕನಿಗೆ ಈಗ ಧೈರ್ಯ ಬಂದಿತ್ತು, ಕಾಲೂ ಕೆಳಗಿಳಿದಿತ್ತು. "ಉಂಡ್ರೂ ಆತು, ಹೋಗಿ ಬಾ ಅಂದ್ರೂ ಆತು, ಸಾಕು ಅಂದ್ರೂ ಆತು. ನಮ್ಮನ್ಯಾಗೆ ಗಂಡ ಹೆಂಡ್ತಿ ಜಗಳ ನಿಂತ್ರೂ ‘ಆತು ಬಿಡು’ ಅಂತಲೇ ನಿಲ್ಲೋದು. ನಿಮ್ಮೂರಾಗೆ ಏನಂತಾರೆ?"

"ನಮ್ಮೂರಲ್ಲಿ ನಾವು..." ಅನ್ನುತ್ತಿದ್ದ ಅನ್ವಿತಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವರೇ. ನಾವು ಮಾತು ಮಾತಿಗೆ ‘ಆಯ್ತಾ?’ ಅಂತೇವೆ. ಸಕ್ಕರೆ ಬಿದ್ದಾಗಲೆಲ್ಲ ನಾನೇ ಫೋನ್ ಮಾಡಿ, ಹುಷಾರು ಆಯ್ತಾ, ಮಲಗಿ ಆಯ್ತಾ ಅಂತಿದ್ದೆ. ಇವರು ಆತು ಆತು ಅಂತಿದ್ರು. ಗ್ಲೂಕೋಸಿಗೆ ಸಕ್ಕರೆ ಏರುವ ಹೊತ್ತು ಬೇರೆ. ಒಂದೊಂದು ‘ಆತು’ಗೂ ನೆರಳು ಎರಡೆರಡು ರೊಟ್ಟಿ ಉಂಡಿದೆ ಮಾರಾಯ್ರೆ! ಎಬ್ಬಿಸಿದ್ದೂ ನಾನು, ಬೀಳಿಸಿದ್ದೂ ನಾನು."

ಹಳೆಯ ದೇಹದಲ್ಲಿ ಈ ಮಾತು ಯಾಕೆ ತೊಂದರೆ ಮಾಡಿರಲಿಲ್ಲ ಎಂಬುದನ್ನು ಆಮೇಲೆ ಶಬಾನಾ ಮೇಡಂ ಫೋನಿನಲ್ಲೇ ಬಿಡಿಸಿ ಹೇಳಿದರು. ಆಗ ಸಕ್ಕರೆ ಜೋರಾಗಿ ಏರುತ್ತಿದ್ದದ್ದು ತುಂಬು ಊಟಕ್ಕೆ ಮಾತ್ರ. ಬೇರೆ ಹೊತ್ತಿನ "ಆತು"ಗಳನ್ನು ನೆರಳು ಗಾಳಿಗೆ ಬಿಡುತ್ತಿತ್ತು. ಈಗ ನಾಲ್ಕು ಚಮಚ ಕಟ್ಟು ಕುಡಿದರೂ ಸಕ್ಕರೆ ಗಕ್ಕನೆ ಏರಿ, ತಾನೇ ಇಳಿಯುತ್ತದೆ. ಅಷ್ಟರಲ್ಲಿ ಒಂದು "ಆತು" ಕಿವಿಗೆ ಬಿದ್ದರೆ ಮುಗಿಯಿತು, ಹಳೆಯ ಊಟ ಎಂದೇ ಲೆಕ್ಕ. ಔಷಧಿಯ ಅಳತೆ ಇಳಿಸಿದರೂ ಸಲ ಹೆಚ್ಚಾಗಿದ್ದರಿಂದ ಅದು ಒಳಗೆ ಕೂಡಿಕೊಳ್ಳುತ್ತ ಹೋಗಿತ್ತು.

"ಹೊಟ್ಟೆ ಹೊಸದು ಮಾಡಿದ್ವಿ, ಕಿವಿ ಹಳೇದೇ ಬಿಟ್ವಿ" ಎಂದರು ಮೇಡಂ. ಆಮೇಲೆ ಚಂದನಾಳನ್ನು ಫೋನಿಗೆ ಕರೆದು, "ನಿಮ್ಮ ಮೇಲೆ ಅನುಮಾನ ಪಟ್ಟೆನಲ್ಲ, ತಪ್ಪಾಯ್ತು ಕಣಮ್ಮ" ಎಂದರು.

"ಆ..." ಎಂದು ಬಾಯಿ ತೆರೆದ ಚಂದನಾ ಅರ್ಧದಲ್ಲೇ ತುಟಿ ಕಚ್ಚಿಕೊಂಡು, "ಪರವಾಗಿಲ್ರಿ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಹೊಲಿಗೆ ನೋಯುತ್ತದೆಂದು ಅವಳು ಹೊಟ್ಟೆಗೆ ದಿಂಬು ಒತ್ತಿಕೊಂಡು ನಕ್ಕಳು.

ನಗು ಇಳಿದ ಮೇಲೆ ಒಲೆಯ ಮುಂದೆ ನಿಂತಾಗ ನನಗೊಂದು ನೆನಪಾಯಿತು. ಬಂದವರು ಕೇಳಿದ್ದು ತಲೆಗೆ ಒಂದು ಸಲ, ಅನ್ವಿತಾ ಕೇಳಿದ್ದು ಫೋನಿಗೆ ಎರಡು ಸಲ. ಆದರೆ ಚಮಚ ಕೆಳಗಿಟ್ಟಾಗ, ಹೊದಿಕೆ ಸರಿಮಾಡಿದಾಗ, ಹೊರಗಿಂದ ಒಳಗೆ ಬಂದಾಗ, "ಆತಾ ಮಗಾ? ಆತಾ?" ಎಂದು ಕೇಳುತ್ತಲೇ ಇದ್ದವಳು ನಾನು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಚಂದನಾ ಗೋಡೆ ಹಿಡಿದು ನಿಧಾನಕ್ಕೆ ಅಡಿಗೆಮನೆಗೆ ಬಂದಳು. "ಏನು ಯೋಚನೆ ಮಾಡ್ತೀಯ ಅಂತ ಗೊತ್ತೈತಿ. ಬಿಡು ಅದನ್ನ. ಉಣ್ಣಿಸೋದು ನೀನು ಯಾವಾಗ ನಿಲ್ಸಿದ್ದೆ? ಡಾಕ್ಟ್ರು ನನಗೆ ಬ್ಯಾಡ ಅಂದ್ರು, ನೀನು ಹೋಗಿ ನನ್ನ ನೆರಳಿಗೆ ಉಣ್ಣಿಸಿ ಬಂದೆ."

ಆ ಹೊತ್ತಿನಿಂದ ಬಿಲ್ಲೆಗೆ ಬರೀ ಅಳೆಯುವ, ಕೇಳುವ ಕೆಲಸ. ಅದರೊಳಗಿದ್ದ ಇನ್ಸುಲಿನ್ ಚೀಲವನ್ನು ತೆಗೆದುಬಿಟ್ಟರು. ಆದರೆ ನೆರಳಿನ ಕಿವಿಗೆ ಹೊಸ ಪಾಠ ಹೇಳಿಕೊಡಲು ಕೆಲವು ವಾರ ಬೇಕಿತ್ತು. ಅಲ್ಲಿಯವರೆಗೆ ನೆರಳಿನ ಲೆಕ್ಕದಲ್ಲಿ ಸುಳ್ಳು ಊಟ ಬೆರೆತರೆ, ಔಷಧಿಯಿಲ್ಲದೆ ಈ ಮೈ ತಾನೇ ಹೇಗೆ ನಿಭಾಯಿಸುತ್ತಿದೆ ಎಂಬುದು ತಿಳಿಯುವುದಿಲ್ಲ, ಅದು ತಿಳಿಯದೆ ಬಸ್ಸಿಗೆ ಬರೆದುಕೊಡಲು ಬರುವುದಿಲ್ಲ ಎಂದರು. ಹಾಗಾಗಿ ನಮ್ಮ ಮನೆಯಲ್ಲಿ ಆ ಮಾತಿಗೆ ಬಹಿಷ್ಕಾರ.

ಎಷ್ಟು ಕಷ್ಟ ಅಂತೀರಿ. ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುವುದು. ಡಿಪೋದವರು ಬಂದರೆ ಕೊಟ್ರಕ್ಕ ಬಾಗಿಲಲ್ಲೇ ತಡೆದು, "ಒಳಗೆ ಹೋಗಿ, ಆದ್ರೆ ಊಟ ಕೇಳ್ಬ್ಯಾಡ್ರಿ, ಅವಳ ಕೈಲಿ ಆತು ಅನ್ನಿಸ್ಬ್ಯಾಡ್ರಿ" ಅನ್ನುವಳು. ಬಂದವರು ಇದೇನೋ ಹರಕೆ ಇರಬೇಕು ಎಂದು ಗಂಭೀರವಾಗಿ ತಲೆಯಾಡಿಸುವರು. ಅನ್ವಿತಾ ಫೋನ್ ಮಾಡಿದರೆ ಅವಳದು ಬೇರೆ ಪಾಡು. "ನಡೀಲಿಕ್ಕೆ ಶುರು ಮಾಡಿ, ಆ... ಸರಿಯಾ?" ಚಂದನಾ ಕುಚೋದ್ಯಕ್ಕೆ ಶಾಲೆ ಮಕ್ಕಳಂತೆ "ಸರಿ ಟೀಚರ್" ಅನ್ನುವಳು.

ನಾನು ನನಗೊಂದು ಬೇರೆ ಮಾತು ಹುಡುಕಿಕೊಂಡೆ. ಬಟ್ಟಲು ಎತ್ತುವಾಗ "ಹೊಟ್ಟೆ ಏನಂತೈತೆ?" ಅಂತ ಕೇಳುವುದು. "ಸುಮ್ನೈತೆ" ಅಂತ ಅವಳು. ಮೊದಮೊದಲು ಯಾರದೋ ಮನೆಯ ಮಾತು ಎರವಲು ತಂದ ಹಾಗಿತ್ತು. ಆಮೇಲಾಮೇಲೆ ಅವಳು ಜಾಸ್ತಿ ಹೇಳತೊಡಗಿದಳು. "ಇವತ್ತು ಮೊಸರು ಅಂದ್ರೆ ಮುಖ ತಿರುಗಿಸ್ತು." "ಇವತ್ತು ಕುಂಬಳಕಾಯಿ ಬೇಕು ಅಂತು." "ಎರಡು ಚಮಚಕ್ಕೇ ಮುಚ್ಚಿದೆ ಅಂತ ಬೋರ್ಡ್ ಹಾಕ್ತು ಅವ್ವ." ಇಷ್ಟು ವರ್ಷ ಉಣ್ಣಿಸಿದರೂ ಅವಳ ಹೊಟ್ಟೆಯ ಸುದ್ದಿಯನ್ನು ನಾನು ಇಷ್ಟು ವಿವರವಾಗಿ ಕೇಳಿದ್ದು ಆಗಲೇ.

ಅವಳ ಮೈ ಇಳಿಯಿತು. ನೆರಳೂ ಇಳಿಯಿತು. ಒಂದು ದಿನ ಅನ್ವಿತಾ ನನ್ನನ್ನು ಕರೆದು ತೋರಿಸಿದಳು. ಪರದೆಯ ಮೇಲಿನ ಚಂದನಾ ತಗ್ಗಿದ ಎಡ ಹೆಗಲಿನೊಂದಿಗೆ ಕೈಬೀಸಿ ನಡೆಯುತ್ತಿದ್ದಳು, ಮೈ ಎಳೆ ಹಸಿರು. "ಕಿವಿ ಸರಿ ಆಯಿತು ಅಮ್ಮ. ಈಗ ಸಾವಿರ ಸಲ ಆತು ಅಂದರೂ ಇದು ಕಣ್ಣೆತ್ತಿ ನೋಡುವುದಿಲ್ಲ. ಆದರೆ ಇನ್ನು ಇದಕ್ಕೆ ಇಲ್ಲಿ ಅಂಥ ಕೆಲಸವೂ ಇಲ್ಲ."

ಶಬಾನಾ ಮೇಡಂ ಬಿಲ್ಲೆ ತೆಗೆದರು. ದಿನಕ್ಕೊಂದು ಮಾತ್ರೆಯನ್ನು ಉಳಿಸಿದರು, ಅದೂ ಬೇಗ ಕರಗುವಂಥದ್ದು. ನಿಧಾನಕ್ಕೆ ಕರಗುವ ಹಳೆಯ ಮಾತ್ರೆ ಈ ಅಡ್ಡದಾರಿಯಲ್ಲಿ ಕರಗುವ ಮೊದಲೇ ದಾಟಿ ಹೋಗುತ್ತದಂತೆ. ವಿಟಮಿನ್ನುಗಳು ಜೀವ ಇರುವವರೆಗೂ. "ವಾಸಿ ಆಯ್ತು ಅನ್ನಬೇಡಿ, ಕಾಯಿಲೆ ಮಲಗಿದೆ ಅನ್ನಿ. ಆಗಾಗ ಬಂದು ರಕ್ತ ತೋರಿಸಿ. ಅದು ಎದ್ದರೆ ನಮಗೆ ಗೊತ್ತಾಗಬೇಕು" ಎಂದರು. ಮಲಗಿದ್ದರೆ ಸಾಕು. ಮಲಗಿದ ಮಗುವಿನ ಮನೆಯಲ್ಲಿ ಮೆಲ್ಲಗೆ ಓಡಾಡುವುದು ನನಗೆ ಗೊತ್ತು.

ಡಿಪೋದಲ್ಲಿ ಮತ್ತೆ ಪರೀಕ್ಷೆ ಮಾಡಿ, ಖಾಲಿ ಬಸ್ ಓಡಿಸಿ ನೋಡಿ, ಕಡೆಗೂ ಅವಳಿಗೆ ಅವಳ ರೂಟು ಕೊಟ್ಟರು.

ಮೊದಲ ದಿನ ನಾನು ಅಡಿಗೆ ಕೆಲಸ ಮುಗಿಸಿ, ಕೊಟ್ರಕ್ಕನನ್ನೂ ಕರೆದುಕೊಂಡು ಸ್ಟಾಪಿನಲ್ಲಿ ಕಾದೆ. ಬಸ್ ತಿರುವಿನಲ್ಲಿ ಕಂಡಿತು. ಹೂವಿನವರು ಬುಟ್ಟಿ ಎತ್ತಿಕೊಂಡರು. ಬಸ್ ನಿಂತು ಬಾಗಿಲು ತೆರೆಯಿತು. ಖಾಕಿ ಅಂಗಿ ಅವಳಿಗೆ ದೊಗಳೆಯಾಗಿತ್ತು, ನಾನೇ ಒಳಗೆ ಹೊಲಿಗೆ ಹಾಕಿ ಕೊಟ್ಟಿದ್ದೆ. ತೋಳಿನ ಮೇಲೆ ಬಿಲ್ಲೆ ಇದ್ದ ಜಾಗದಲ್ಲಿ ಒಂದು ತಿಳಿ ಗುರುತು.

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು ಕೇಳಿದೆ.

"ಊಟ ಆತಾ?"

ಅವಳು ನನ್ನ ಕಡೆ ನೋಡಿದಳು. ಆ ಮಾತನ್ನು ಬಾಯೊಳಗೆ ಒಂದು ಗಳಿಗೆ ಇಟ್ಟುಕೊಂಡಳು, ಬೆಲ್ಲದ ಚೂರಿನ ಹಾಗೆ.

"ಆತವ್ವ."

ನಾನು ಅಭ್ಯಾಸಬಲದಿಂದ ಕಿವಿಗೊಟ್ಟು ನಿಂತೆ. ಏನೂ ಚೀರಲಿಲ್ಲ. ಹಿಂದಿನಿಂದ ಕೊಟ್ರಕ್ಕ ನೂಕಿದಳು. "ಹತ್ತೇ ತಾಯಿ, ಜನ ನಿಂತಾರೆ."

ಕಿಟಕಿ ಪಕ್ಕ ಕೂತೆ. ಚಂದನಾ ಕನ್ನಡಿಯಲ್ಲಿ ಹಿಂದೆ ನೋಡಿ, ದನಿ ಎತ್ತರಿಸಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು.

"ಎಲ್ಲಾರೂ ಹತ್ತಿದ್ದು ಆತಾ? ಬಿಡ್ಲಾ?"

ಹೂವಿನವರು, ಶಾಲೆಯ ಮಕ್ಕಳು, ಕೊಟ್ರಕ್ಕ, ನಾನು, ಇಡೀ ಬಸ್ಸೇ ಒಂದೇ ಬಾಯಿಗೆ ಅಂದಿತು.

"ಆತು!"

ಬಾಗಿಲು ಮುಚ್ಚಿಕೊಂಡಿತು. ಬಸ್ ಹೊರಟಿತು.